ಮನುಷ್ಯರಿಲ್ಲದ ಕಾಶಿ

ಕಾಶಿಯ ಘಾಟುಗಳಲ್ಲಿ ಜನ ಇಲ್ಲದ ಗಳಿಗೆ ಇರುವುದಿಲ್ಲ. ಮೀಯುವವರು, ಹೆಣ ಹೊತ್ತು ತರುವವರು, ದೋಣಿಯವರು, ಭಿಕ್ಷುಕರು. ಆದರೆ ರಾಮ್‌ಕುಮಾರ್ ಚಿತ್ರಿಸಿದ ಕಾಶಿಯಲ್ಲಿ ಹುಡುಕಿದರೂ ಒಬ್ಬ ಮನುಷ್ಯ ಸಿಗುವುದು ಕಷ್ಟ. ಕತೆ ಬರೆಯುವ ನಮಗೆ ಈ ಬಗ್ಗೆ ಬಹುಕಾಲ ತಕರಾರಿತ್ತು.

ತಕರಾರಿಗೆ ಕಾರಣವೂ ಇತ್ತು. ರಾಮ್‌ಕುಮಾರ್ (1924–2018) ಸ್ವತಃ ಹಿಂದಿಯ ಕತೆಗಾರರು, ನಿರ್ಮಲ್ ವರ್ಮಾ ಅವರ ಅಣ್ಣ. ‘ಹುಸ್ನಾಬೀಬಿ’ ಎಂಬ ಕತೆ ಬರೆದವರು. ಬ್ಯಾಂಕಿನ ನೌಕರಿ ಬಿಟ್ಟು ಪ್ಯಾರಿಸ್ಸಿಗೆ ಹೋಗಿ ಆಂದ್ರೆ ಲೋತ್, ಫೆರ್ನಾಂ ಲೆಜೆ ಬಳಿ ಕಲಿತು ಬಂದರು. 1950ರ ದಶಕದಲ್ಲಿ ಅವರು ಚಿತ್ರಿಸಿದ್ದು ನಗರದಲ್ಲಿ ನೆಲೆ ತಪ್ಪಿದ, ಕೆಲಸವಿಲ್ಲದ ಜನರ ಮಂಕು ಮುಖಗಳನ್ನು. 1956ರ ‘ವ್ಯಾಗಬಾಂಡ್’ ಅಂಥದ್ದು. 1960ರಲ್ಲಿ ಎಂ.ಎಫ್. ಹುಸೇನರೊಂದಿಗೆ ಕಾಶಿಗೆ ಹೋಗಿ, ಪ್ರೇಮಚಂದರ ಮಗ ಶ್ರೀಪತ್ ರಾಯ್ ಅವರ ಮನೆಯಲ್ಲಿ ಉಳಿದರು. ಆ ಪ್ರಯಾಣದ ನಂತರ ಮುಖಗಳು ಮಾಯವಾದವು! ಹುಸೇನರ ಗೆರೆ ಮಾತ್ರ ಕೊನೆತನಕ ಮನುಷ್ಯರನ್ನೂ ಕುದುರೆಗಳನ್ನೂ ಬಿಡಲಿಲ್ಲ.

ಈ ಬದಲಾವಣೆಯಲ್ಲಿ ಪ್ಯಾಲೆಟ್ ನೈಫಿನ ಪಾಲು ದೊಡ್ಡದು. ಗಾರೆಯವನ ಕರಣೆಯ ಪುಟ್ಟ ತಮ್ಮನಂಥ ಸಾಧನ ಅದು. ಕುಂಚದ ತುದಿ ಕಣ್ಣಿನ ರೆಪ್ಪೆಯನ್ನೂ ಬರೆದೀತು. ಈ ಅಲಗು ಬಣ್ಣವನ್ನು ಬಳಿಯುತ್ತದೆ, ಒತ್ತುತ್ತದೆ, ಕೆರೆಯುತ್ತದೆ. ಗೋಡೆ, ಮೆಟ್ಟಿಲು, ನೀರಿನ ಅಂಚು ಅದಕ್ಕೆ ಸಲೀಸು. ಕೆರೆದಾಗ ಅಡಿಯ ಬಣ್ಣ ಇಣುಕುತ್ತದೆ, ಹಳೆಯ ಮನೆಯ ಸುಣ್ಣ ಉದುರಿದ ಕಡೆ ಅದರ ಹಿಂದಿನ ಸುಣ್ಣ ಕಂಡ ಹಾಗೆ. ರಾಮ್‌ಕುಮಾರರ ಬೂದು, ಕಂದು, ಮಾಸಿದ ಬಿಳಿಯ ಘಾಟುಗಳಲ್ಲಿ ನಮಗೆ ಕಂಡದ್ದು ಈ ಸವೆತ. ಸಾವಿರಾರು ಪಾದ ಬೀಳದೆ ಮೆಟ್ಟಿಲು ಹೀಗೆ ಸವೆಯುತ್ತದೆಯೆ? ತಕರಾರು ಅಲ್ಲಿ ಅರ್ಧ ಇಳಿಯಿತು.

ಪ್ರವಾಸದ ನೆನಪಿಗೆ ನೈಫ್ ಹಿಡಿಯುವವರು ಇಂದು ಬಹಳ. ಹೋಟೆಲಿನ ಗೋಡೆಗಳ ಮೇಲೆ ಅವರ ಕೆಂಪು ಸೂರ್ಯಾಸ್ತ, ಮಳೆಯ ಬೀದಿ, ಕೊಡೆ ಹಿಡಿದ ಜೋಡಿ ತೂಗುತ್ತಿರುತ್ತವೆ. ದಪ್ಪ ಬಣ್ಣ ಕಣ್ಣಿಗೆ ಹಬ್ಬವೇನೋ ಹೌದು, ಆದರೆ ಆ ಬೀದಿ ಯಾವ ಊರಿನದಾದರೂ ನಡೆಯುತ್ತದೆ. ರಾಮ್‌ಕುಮಾರ್ ಘಾಟಿನಲ್ಲಿ ಕೂತು ಸ್ಕೆಚ್ ಮಾಡಿದರು; ತೈಲಚಿತ್ರಗಳು ಹುಟ್ಟಿದ್ದು ದೆಹಲಿಗೆ ಮರಳಿದ ಮೇಲೆ. ನಡುವೆ ಮರೆವಿಗೂ ಒಂದಿಷ್ಟು ಕೆಲಸವಿತ್ತು. ಕಂಡದ್ದನ್ನು ಅಂದೇ ಬರೆದ ಕತೆ ವರದಿಯಾಗುವುದನ್ನು ನಾವೂ ಬಲ್ಲೆವು.

ಉರ್ದು ಶಾಲೆಯಲ್ಲಿ ಓದಿದ ನಮಗೆ ಕಾಶಿಯೆಂದರೆ ಗಾಲಿಬ್ ನೆನಪಾಗುತ್ತಾನೆ. ಕಲ್ಕತ್ತೆಯ ದಾರಿಯಲ್ಲಿ ಅಲ್ಲಿ ತಂಗಿದ ಆತ ‘ಚಿರಾಗ್-ಎ-ದೈರ್’ ಎಂಬ ಫಾರಸಿ ಮಸ್ನವಿ ಬರೆದ. ಆ ಕಾಶಿಯ ತುಂಬ ಚೆಲುವೆಯರು. ಒಂದೇ ಗಂಗೆ ಒಬ್ಬ ಪ್ರಯಾಣಿಕನಿಗೆ ದೇಹಗಳನ್ನು ಕೊಟ್ಟಳು, ಇನ್ನೊಬ್ಬನಿಂದ ಕಸಿದುಕೊಂಡಳು.

ಉಳಿದರ್ಧ ತಕರಾರನ್ನು ಮಾತ್ರ ಬಿಡಲಾರೆವು. ಮುಂದಿನ ದಶಕಗಳ ಅಮೂರ್ತ ಭೂದೃಶ್ಯಗಳಲ್ಲಿ ನೈಫು ಹೆಚ್ಚು ಹಗುರಾಗಿ, ಸೊಗಸಾಗಿ ಜಾರುತ್ತದೆ. ನೀಲಿ, ಹಳದಿ, ಹಸಿರಿನ ಪಟ್ಟೆಗಳು ಒಂದರೊಳಗೊಂದು ಸರಿಯುತ್ತವೆ. ಬೆಟ್ಟವೊ ಹೊಳೆಯೊ ಹೇಳುವುದು ಕಷ್ಟ. ಕೆಲವು ನಿಜಕ್ಕೂ ಸುಂದರ. ಆದರೆ ಅವುಗಳ ಮುಂದೆ ನಿಂತಾಗ, ಅಲ್ಲಿ ಯಾರೋ ಈಗಷ್ಟೇ ಎದ್ದುಹೋದರು ಎಂದು ನಮಗೆ ಅನ್ನಿಸಲಿಲ್ಲ. ಅರವತ್ತರ ದಶಕದ ಆ ಬೂದು ಮೆಟ್ಟಿಲುಗಳ ಮುಂದೆ ಪ್ರತಿಸಲವೂ ಅನ್ನಿಸಿದೆ.