ಯಂತ್ರ ಕೇಳುವ ದನಿಯೇ ಬೇರೆ

ಥೈರಾಯ್ಡ್ ಶಸ್ತ್ರಚಿಕಿತ್ಸೆಯಲ್ಲಿ ನರ ಮಾನಿಟರಿಂಗ್ ಈಗ ಬಹಳ ಹೆಸರು ಮಾಡಿದೆ. ದನಿಗೆ ಅದು ರಕ್ಷೆ ಎಂಬ ಮಾತೂ ಜೊತೆಗೇ ಬರುತ್ತದೆ. ಈ ಎರಡನೆಯ ಮಾತಿಗೆ ನನ್ನ ತಕರಾರು.

ಗ್ರಂಥಿಯ ಬೆನ್ನಿಗೇ ಹಾದು ಧ್ವನಿತಂತುಗಳನ್ನು ಅಲುಗಾಡಿಸುವ ನರ ಎರಡೂ ಬದಿಗಿದೆ. ಒಂದು ಬದಿಯದಕ್ಕೆ ಪೆಟ್ಟಾದರೆ ದನಿ ಗಾಳಿ ಬೆರೆತು ಒಡೆಯುತ್ತದೆ. ಎರಡಕ್ಕೂ ಆದರೆ ಉಸಿರಿಗೇ ಸಂಚಕಾರ. ಮಾನಿಟರಿಂಗ್‌ನಲ್ಲಿ ಉಸಿರಿನ ಟ್ಯೂಬಿನ ಎಲೆಕ್ಟ್ರೋಡ್ ಧ್ವನಿತಂತುಗಳಿಗೆ ತಾಗಿರುತ್ತದೆ. ಸರ್ಜನ್ ಪ್ರೋಬ್ ಮುಟ್ಟಿಸಿದಾಗ ನರ ಜೀವಂತವಿದ್ದರೆ ಪರದೆಯಲ್ಲಿ ಅಲೆ ಏಳುತ್ತದೆ, ಯಂತ್ರ ಸದ್ದು ಮಾಡುತ್ತದೆ. ಅಲೆ 100 ಮೈಕ್ರೋವೋಲ್ಟ್‌ಗಿಂತ ಕೆಳಗಿಳಿದರೆ ಸಂಕೇತ ಹೋಯಿತೆಂದು ಲೆಕ್ಕ. ಟ್ಯೂಬ್ ಜರುಗಿದ್ದರೂ, ಸ್ನಾಯು ಸಡಿಲಿಸುವ ಔಷಧದ ಪ್ರಭಾವ ಇಳಿಯದಿದ್ದರೂ ಹೀಗಾಗುವುದುಂಟು. ಮೊದಲ ಬದಿಯಲ್ಲೇ ಸಂಕೇತ ನಿಜಕ್ಕೂ ಹೋದರೆ, ಇನ್ನೊಂದು ಬದಿಯನ್ನು ಮುಟ್ಟದೆ ಮುಂದೂಡಬಹುದು. ಯಂತ್ರದ ದೊಡ್ಡ ಉಪಕಾರ ಇದೇ; ಇದರಲ್ಲಿ ನನಗೆ ಅನುಮಾನವಿಲ್ಲ.

ಆದರೆ 2009ರಲ್ಲಿ ಪೋಲೆಂಡಿನ ವೈದ್ಯರು ಪ್ರಕಟಿಸಿದ, 1000 ರೋಗಿಗಳ ಅಧ್ಯಯನ ಹೇಳಿದ್ದು ಇಷ್ಟೇ: ಮಾನಿಟರಿಂಗ್ ಬಳಸಿದಾಗ ನರದ ತಾತ್ಕಾಲಿಕ ದೌರ್ಬಲ್ಯ ಕಡಿಮೆಯಾಯಿತು, ಶಾಶ್ವತ ಹಾನಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನರವನ್ನು ಕಣ್ಣಾರೆ ಗುರುತಿಸಿ ಬಿಡಿಸಿಕೊಳ್ಳುವ ನುರಿತ ಕೈಗೆ ಯಂತ್ರ ಬದಲಿಯಲ್ಲ.

ಇನ್ನು ದನಿ. ಅಮೆಲಿಟಾ ಗಲ್ಲಿ-ಕುರ್ಚಿ ಎಂಬ ಒಪೆರಾ ಗಾಯಕಿಗೆ 1935ರಲ್ಲಿ ಗಳಗಂಡದ ಶಸ್ತ್ರಚಿಕಿತ್ಸೆಯಾಯಿತು. ಆಗ ಇನ್ನೊಂದು ಸಣ್ಣ ನರ ಘಾಸಿಯಾಗಿ ಆಕೆಯ ಕಂಠ ಹೋಯಿತೆಂಬ ಕತೆ ಸರ್ಜನ್‌ಗಳ ನಡುವೆ ಹಬ್ಬಿ, ಆ ನರಕ್ಕೆ ಆಕೆಯ ಹೆಸರೇ ಅಂಟಿತು. ಕತೆ ನಿಜವಲ್ಲವೆಂದು ವಾದಿಸಿದ ವೈದ್ಯರೂ ಇದ್ದಾರೆ. ನರದ ಕೆಲಸ ಮಾತ್ರ ನಿಜ: ಧ್ವನಿತಂತುವನ್ನು ಎಳೆದು ಬಿಗಿಗೊಳಿಸುವ ಸ್ನಾಯುವಿಗೆ ಅದು ಬೇಕು. ಅದು ಕೆಟ್ಟರೆ ಮಾಮೂಲು ಮಾತು ನಡೆಯುತ್ತದೆ, ತಾರಸ್ಥಾಯಿಗೆ ಹೋದರೆ ದನಿ ಏಳುವುದಿಲ್ಲ. ಟ್ಯೂಬಿನ ಎಲೆಕ್ಟ್ರೋಡಿಗೆ ಇದರ ಸುಳಿವು ಎಲ್ಲರಲ್ಲೂ ಸಿಗದು. ಪ್ರೋಬ್ ತಾಗಿಸಿ ಸ್ನಾಯು ಮಿಡುಕುವುದನ್ನು ಕಣ್ಣಿಂದಲೇ ನೋಡಬೇಕು. ಎಷ್ಟು ಕಡೆ ನೋಡುತ್ತಾರೋ!

ಎಲ್ಲ ನರಗಳೂ ಉಳಿದರೂ ಟ್ಯೂಬಿನ ಉಜ್ಜಾಟ, ಕತ್ತಿನ ಸ್ನಾಯುಗಳ ಗಾಯ, ಕಲೆಗಟ್ಟುವಿಕೆ ಇವುಗಳಿಂದ ದನಿ ದಣಿಯಬಹುದು. ದಿನವಿಡೀ ಪಾಠ ಹೇಳುವ ಮೇಷ್ಟ್ರಿಗೆ, ಬೀದಿಯಲ್ಲಿ ಕೂಗಿ ಸೊಪ್ಪು ಮಾರುವಾಕೆಗೆ ಅದೇ ಸಂಪಾದನೆಯ ನಷ್ಟ. ಡಿಸ್ಚಾರ್ಜ್ ಚೀಟಿಯಲ್ಲಿ ‘ನರ ಸುರಕ್ಷಿತ’ ಎಂದು ಬರೆದರೆ ಈ ದೂರಿಗೆ ಜಾಗವೇ ಇಲ್ಲ. ಯಂತ್ರದ ಖರ್ಚು ಬಿಲ್ಲಿಗೆ ಸೇರಿಸುವವರು ಆಪರೇಷನ್ನಿಗೆ ಮುಂಚೆ ಒಮ್ಮೆ, ಕೆಲವು ವಾರಗಳ ನಂತರ ಒಮ್ಮೆ ಧ್ವನಿತಂತುಗಳನ್ನು ನೋಡಿ, ರೋಗಿಯ ಮಾತನ್ನೂ ಮೊಬೈಲಿನಲ್ಲಾದರೂ ರೆಕಾರ್ಡ್ ಮಾಡಿಟ್ಟುಕೊಳ್ಳಲಿ. ಅದಕ್ಕೆ ಹೊಸ ಯಂತ್ರ ಬೇಕಿಲ್ಲ.