ಬೋಣಿಗೆ ಮುಂಚಿನ ತೈಬಜಾರ

ತೈಬಜಾರ ಹರಾಜಿಗೆ ನಮ್ಮ ಸ್ಥಳೀಯ ಆಡಳಿತದಲ್ಲಿ ಒಳ್ಳೆಯ ಹೆಸರಿದೆ. ವರ್ಷಕ್ಕೊಮ್ಮೆ ಸವಾಲು ಕೂಗಿಸಿ, ಹೆಚ್ಚು ಕೂಗಿದವನಿಗೆ ಸಂತೆಯ ನೆಲಬಾಡಿಗೆ ವಸೂಲಿಯನ್ನು ವಹಿಸಿಬಿಟ್ಟರೆ ಖಜಾನೆಗೆ ರೊಕ್ಕ ಖಚಿತ. ಸಿಬ್ಬಂದಿ ಬಿಸಿಲಲ್ಲಿ ಅಲೆಯಬೇಕಿಲ್ಲ, ಲೆಕ್ಕ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಮೊತ್ತ ಹೋದ ವರ್ಷಕ್ಕಿಂತ ಏರಿದರೆ ಅದನ್ನು ಸಾಧನೆಯ ಪಟ್ಟಿಗೂ ಸೇರಿಸುತ್ತಾರೆ. ಯಾದಗಿರಿ, ಶಹಾಪುರ, ಸುರಪುರ ಸುತ್ತಿನ ಸಂತೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ತಟ್ಟಿನಷ್ಟು ನೆಲವನ್ನು ಒಂದು ಹಗಲಿಗೆ ಬಾಡಿಗೆ ಹಿಡಿದು ಕೂರುವವರ ಕಡೆಯಿಂದ ನೋಡಿದರೆ ಈ ಒಳ್ಳೆಯ ಹೆಸರು ಹರಾಜಿಗೆ ಸಲ್ಲುವುದಿಲ್ಲ ಎಂಬುದು ನನ್ನ ವಾದ.

ಪದ್ಧತಿಯ ಗುಣವೆಲ್ಲ ಬೆಳಗಿನ ಒಂದು ಗಳಿಗೆಯಲ್ಲಿ ಕಾಣುತ್ತದೆ. ಹಳ್ಳಿಯಿಂದ ಟಂಟಂನಲ್ಲಿ ಬಂದ ಹೆಣ್ಣುಮಗಳು ಗೋಣಿತಟ್ಟು ಹಾಸಿ ನಾಲ್ಕು ಮೂಲೆಗೆ ಕಲ್ಲಿಡುತ್ತಾಳೆ. ಪುಂಡಿಪಲ್ಲೆಯ ಕಟ್ಟುಗಳನ್ನು ಬೇರು ಒಳಗೆ, ಎಲೆ ಹೊರಗೆ ಮಾಡಿ ಜೋಡಿಸಿ ನೀರು ಚಿಮುಕಿಸುತ್ತಾಳೆ. ಅಷ್ಟರಲ್ಲಿ ಗುತ್ತಿಗೆದಾರನ ಹುಡುಗ ಎದುರಿಗೆ ನಿಂತಿರುತ್ತಾನೆ.

“ಅವ್ವಾ, ತೈಬಜಾರ.”

“ಇನ್ನ ಬೋಣಿ ಆಗಿಲ್ಲೋ ತಮ್ಮಾ. ಹೊತ್ತೇರಿದ ಮ್ಯಾಲೆ ಬಾ.”

“ಆವಾಗ ಮಂದಿ ಆಗ್ತದ, ತಿರಗಾಕ ಆಗಂಗಿಲ್ಲ. ಈಗೇ ಕೊಡು.”

ಬೋಣಿ ಎಂದರೆ ದಿನದ ಮೊದಲ ವ್ಯಾಪಾರ. ಬೋಣಿಗೆ ಮುಂಚೆ ಕೈಯಿಂದ ರೊಕ್ಕ ಹೋಗಬಾರದು ಎಂಬುದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರು ಆಕೆಯ ಸೆರಗಿನ ಗಂಟನ್ನು ಬಿಚ್ಚಿ ನೋಡಿಲ್ಲ. ಅದರಲ್ಲಿರುವುದು ಟಂಟಂಗೆ ಕೊಟ್ಟು ಉಳಿದ ಚಿಲ್ಲರೆ. ಅದನ್ನೂ ಕೊಟ್ಟರೆ ಮೊದಲ ಗಿರಾಕಿಗೆ ತಿರುಗಿ ಕೊಡಲು ಏನೂ ಉಳಿಯುವುದಿಲ್ಲ. ಆಗ ಪಕ್ಕದವಳ ಬಳಿ ಕೈಗಡ ಮಾಡಬೇಕು, ಇಲ್ಲವೆ ಮೊದಲ ಗಿರಾಕಿ ಕೇಳಿದ ದರಕ್ಕೆ ಕಟ್ಟು ಎತ್ತಿಕೊಡಬೇಕು. ಬೆಳಗಿನ ಆ ದರವೇ ಮಧ್ಯಾಹ್ನದವರೆಗೆ ಸಾಲಿನ ದರವಾಗಿ ನಿಲ್ಲುತ್ತದೆ. ಹುಡುಗ ಕೇಳಿದ್ದು ಸಣ್ಣ ಮೊತ್ತವೇ ಇರಬಹುದು; ಅದನ್ನು ಕೇಳಿದ ಹೊತ್ತು ಮಾತ್ರ ಆಕೆಯ ಇಡೀ ದಿನದ ವ್ಯಾಪಾರವನ್ನು ಕುಗ್ಗಿಸಿತು.

ಹುಡುಗನನ್ನು ಬೈದು ಫಲವಿಲ್ಲ. ಅವನ ಧಣಿ ವರ್ಷದ ಮೊತ್ತಕ್ಕೆ ಮೊದಲೇ ಒಪ್ಪಿಕೊಂಡಿದ್ದಾನೆ. ಮಳೆ ಬಂದು ಸಂತೆ ಕೆಟ್ಟರೂ ಅವನ ಕಂತು ನಿಲ್ಲುವುದಿಲ್ಲ. ಹಾಗಾಗಿ ಸಂತೆ ನೆರೆದ ದಿನ ಬೇಗ ಕೇಳುತ್ತಾನೆ, ಕಣ್ಣಳತೆಯಲ್ಲಿ ಕೇಳುತ್ತಾನೆ. ಒಂದು ಬುಟ್ಟಿ ಎರಡಾಗುತ್ತದೆ, ರಸೀದಿ ಕೇಳಿದವರಿಗಷ್ಟೇ ಸಿಗುತ್ತದೆ. ನಗರಸಭೆ ತನ್ನ ನಷ್ಟದ ಭಯವನ್ನು ಗುತ್ತಿಗೆದಾರನಿಗೆ ದಾಟಿಸಿತು, ಅವನು ಪುಂಡಿಪಲ್ಲೆಯವಳಿಗೆ ದಾಟಿಸಿದ. ಆಕೆ ಇನ್ನು ಯಾರಿಗೂ ದಾಟಿಸಲಾರಳು. ಹರಾಜಿನ ದಕ್ಷತೆ ಎಂದು ಹೊಗಳುವುದು ಈ ದಾಟಿಸುವಿಕೆಯನ್ನೇ.

ಇಷ್ಟು ಕೊಟ್ಟು ಆಕೆ ಪಡೆಯುವುದೇನು? ಏಪ್ರಿಲ್ ಬಿಸಿಲಿಗೆ ನೆರಳಿಲ್ಲ, ಕುಡಿಯುವ ನೀರನ್ನು ಬಾಟಲಿಯಲ್ಲಿ ಮನೆಯಿಂದಲೇ ತರಬೇಕು, ಹೆಂಗಸರಿಗೆ ಶೌಚಾಲಯವಿಲ್ಲ. ಆಕೆಗಿರುವ ಒಂದೇ ಆಸ್ತಿ ವಾರವಾರವೂ ಅದೇ ಜಾಗ. ಗಿರಾಕಿಗಳು ಆಕೆಯ ಹೆಸರನ್ನಲ್ಲ, ಆಕೆ ಕೂರುವ ಜಾಗವನ್ನು ಬಲ್ಲರು. ಆಕೆ ಒಂದು ವಾರ ಬಾರದಿದ್ದರೆ ಪಕ್ಕದವಳು ತಟ್ಟು ಹಿಗ್ಗಿಸಿ ಕೂರುತ್ತಾಳೆ, ಮರುವಾರ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಹೆರಿಗೆಗೆ ಹೋದ ಮಗಳ ಜಾಗದಲ್ಲಿ ತಾಯಿ ಕೂರುತ್ತಾಳೆ. ಈ ಹಕ್ಕು ಯಾವ ದಫ್ತರದಲ್ಲೂ ಇಲ್ಲ, ಗುತ್ತಿಗೆದಾರನೂ ಅದನ್ನು ಕಾಯುವುದಿಲ್ಲ. ಕಾಯುವವರು ಸಾಲಿನಲ್ಲಿ ಕೂತವರೇ.

ಕಾನೂನು ಇದನ್ನು ಹೇಗೆ ಕಂಡಿದೆ? 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬೀದಿಬದಿ ವ್ಯಾಪಾರವನ್ನು ಮೂಲಭೂತ ಹಕ್ಕೆಂದು ಒಪ್ಪಿತು. ಇಂಥದ್ದೇ ಜಾಗ ಬೇಕೆನ್ನುವ ಹಕ್ಕಿಲ್ಲ ಎಂದೂ ಹೇಳಿತು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಒಂದು ಹೆಜ್ಜೆ ಮುಂದೆ ಬಂತು. ವ್ಯಾಪಾರಿಗಳೂ ಗಿರಾಕಿಗಳೂ ಸಂಪ್ರದಾಯವಾಗಿ ಸೇರುತ್ತ ಬಂದ ಜಾಗವನ್ನು ಸಹಜ ಮಾರುಕಟ್ಟೆ ಎಂದು ಗುರುತಿಸಿತು. ಆದರೆ ಪಟ್ಟಣ ವ್ಯಾಪಾರ ಸಮಿತಿಯ ಶಿಫಾರಸಿನ ಮೇಲೆ ಸ್ಥಳೀಯ ಸಂಸ್ಥೆ ನಿರ್ಧರಿಸಿದರೆ ಮಾತ್ರ ಅದು ಸಹಜ ಮಾರುಕಟ್ಟೆ. ತಲೆಮಾರುಗಳ ರೂಢಿಯೂ ಒಂದು ಠರಾವಿಗೆ ಕಾಯಬೇಕು. ಕಾಯ್ದೆ ಪಟ್ಟಣಗಳಿಗಷ್ಟೇ ಅನ್ವಯ. ಹಳ್ಳಿಯ ಸಂತೆ ಹೊರಗುಳಿಯಿತು. ರೈಲ್ವೆ ಜಾಗವನ್ನೂ ಬಿಟ್ಟಿದ್ದಾರೆ. ಯಾದಗಿರಿಯಂಥ ಸ್ಟೇಷನ್ ಊರಿನಲ್ಲಿ ಅದು ಸಣ್ಣ ಮಾತಲ್ಲ.

ನನ್ನನ್ನು ಹೆಚ್ಚು ಕಾಡುವುದು ಈ ಕಾಯ್ದೆಯ 5ನೇ ಕಲಂ. ವ್ಯಾಪಾರದ ಪ್ರಮಾಣಪತ್ರ ಬೇಕಾದವರು ಮೂರು ಮುಚ್ಚಳಿಕೆ ಬರೆದುಕೊಡಬೇಕು: ವ್ಯಾಪಾರವನ್ನು ತಾನು ಅಥವಾ ತನ್ನ ಮನೆಯವರೇ ಮಾಡುತ್ತೇವೆ, ಬೇರೆ ಜೀವನೋಪಾಯ ಇಲ್ಲ, ಪತ್ರವನ್ನಾಗಲಿ ಜಾಗವನ್ನಾಗಲಿ ಬಾಡಿಗೆ ಸೇರಿದಂತೆ ಯಾವ ರೀತಿಯಲ್ಲೂ ಇನ್ನೊಬ್ಬರಿಗೆ ವಹಿಸುವುದಿಲ್ಲ. ಮೊದಲನೆಯದೂ ಮೂರನೆಯದೂ ನ್ಯಾಯವಾದವು, ಜಾಗಗಳು ದಲ್ಲಾಳಿಗಳ ಪಾಲಾಗದಂತೆ ತಡೆಯುತ್ತವೆ. ಎರಡನೆಯದು ನಮ್ಮ ಸಂತೆಯನ್ನೇ ಕಾಯ್ದೆಯಿಂದ ಹೊರಗಿಡುತ್ತದೆ. ನಮ್ಮ ಸಂತೆಗಳಲ್ಲಿ ತಟ್ಟು ಹಾಸುವವರು ಯಾರು? ನಾಲ್ಕು ದಿನ ಹತ್ತಿ ಬಿಡಿಸಲು ಹೋಗುವವಳು, ತೊಗರಿ ರಾಶಿ ಮುಗಿಸಿ ಬಂದವನು, ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿ ಬಂದು ಹಳೆ ಬಟ್ಟೆ ಮಾರುವ ಮನೆ. ಒಂದೇ ಕಸುಬಿನಿಂದ ಹೊಟ್ಟೆ ತುಂಬದ್ದರಿಂದಲೇ ಅವರು ವಾರಕ್ಕೊಂದು ದಿನ ವ್ಯಾಪಾರಿಗಳು. ಬೇರೆ ದುಡಿಮೆ ಇಲ್ಲವೆಂದು ಅವರು ಬರೆದುಕೊಟ್ಟರೆ ಸುಳ್ಳು ಬರೆದಂತೆ. ಇದೆ ಎಂದರೆ ಪತ್ರವಿಲ್ಲ. ಪತ್ರವಿಲ್ಲದವರ ಮೇಲೆ ಗುತ್ತಿಗೆದಾರನ ಹುಡುಗನ ಮಾತೇ ಕಾನೂನು.

ಇಲ್ಲಿ ನಮ್ಮ ಸಂಸ್ಕೃತಿ ವಿಮರ್ಶಕರೊಂದಿಗೆ ನನ್ನ ಜಗಳವಿದೆ. ಅವರ ಬರಹದಲ್ಲಿ ಸಂತೆ ಎಂದರೆ ಜಾತಿ ಕರಗುವ ಬಯಲು, ಯಾರು ಬೇಕಾದರೂ ಬಂದು ಕೂರಬಹುದಾದ ಮುಕ್ತ ನೆಲ. ಅಕ್ಕಮಹಾದೇವಿಯ ವಚನದಿಂದ ಹಿಡಿದು ಸಂತೆಯನ್ನು ರೂಪಕವಾಗಿ ಓದುವ ದೊಡ್ಡ ಪರಂಪರೆ ನಮ್ಮಲ್ಲಿದೆ. ಅಕ್ಕನಿಗೆ ಸಂತೆ ಲೋಕದ ಗದ್ದಲ. ಅದರ ನಡುವೆ ನೆಲೆ ನಿಲ್ಲುವುದು ಆಕೆಯ ಚಿಂತೆ. ನಮ್ಮ ವಿಮರ್ಶಕರು ನೆಲೆ ನಿಲ್ಲುವ ಕಷ್ಟವನ್ನು ಕೈಬಿಟ್ಟು ಗದ್ದಲವನ್ನಷ್ಟೇ ಹಬ್ಬವಾಗಿಸಿಕೊಂಡರು. ಸಂತೆಯಲ್ಲಿ ಒಮ್ಮೆ ಸುತ್ತಿ ಹೋಗುವವರಿಗೆ ಅದು ಮುಕ್ತವೇ. ಮಾರಲು ಕೂರುವವರಿಗೆ ಅಲ್ಲ. ಕಸಬರಿಗೆ, ಚಪ್ಪಲಿ, ಗಡಿಗೆ ಮಾರುವವರು ಯಾವ ಅಂಚಿನಲ್ಲಿ ಕೂರುತ್ತಾರೆ, ಕಿರಾಣಿ, ಜವಳಿಯವರು ಯಾವ ಬಾಯಲ್ಲಿ ಕೂರುತ್ತಾರೆ ಎಂಬುದನ್ನು ನೋಡಿದರೆ ಊರಿನ ಕೇರಿಗಳ ನಕ್ಷೆ ಸಂತೆಯಲ್ಲೂ ಕಾಣುತ್ತದೆ. ನೆಲ ಎಲ್ಲರದು ಎಂದು ಹೊಗಳಿದಷ್ಟೂ ಆ ನೆಲಕ್ಕೆ ಬಾಡಿಗೆ ಯಾರು ಕೊಡುತ್ತಾರೆ, ಯಾರ ಕೈಗೆ ಎಂಬ ಪ್ರಶ್ನೆ ಮರೆಗೆ ಸರಿಯುತ್ತದೆ. ಹರಾಜನ್ನು ಪ್ರಶ್ನಿಸುವವರಿಲ್ಲದಿರಲು ಈ ಹೊಗಳಿಕೆಯೂ ಒಂದು ಕಾರಣ.

ಅದೇ ಲೇಖಕರು ಬೆಂಗಳೂರಿನ ವಾರಾಂತ್ಯದ ಫ್ಲೀ ಮಾರ್ಕೆಟ್‌ಗಳಲ್ಲಿ ಸಂತೆ ಮರುಹುಟ್ಟು ಪಡೆಯಿತು ಎನ್ನುತ್ತಾರೆ. ಅಲ್ಲಿ ಮಳಿಗೆ ಹಿಡಿಯುವವರು ಬಾಡಿಗೆಯನ್ನು ಮುಂಗಡವಾಗಿ ಕಟ್ಟುತ್ತಾರೆ, ಮಾಲು ಹೋಗದಿದ್ದರೆ ಅವರಿಗೂ ನಷ್ಟ. ಆ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರಿಗೆ ಮೇಜು, ನೆರಳು, ದೀಪ, ಪ್ರಚಾರ ಸಿಗುತ್ತದೆ, ದರ ಮೊದಲೇ ಗೊತ್ತಿರುತ್ತದೆ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವ ಮೊದಲು ಈ ಅಂತರವನ್ನು ಬರೆಯಬೇಕಿತ್ತು.

ಹರಾಜಿನ ಪರವಾಗಿ ಹೇಳುವಂಥದ್ದು ಇಲ್ಲವೇ? ಇದೆ. ನೇರ ವಸೂಲಿಯಲ್ಲೂ ಸೋರಿಕೆ ಇರುತ್ತದೆ, ಸಿಬ್ಬಂದಿಯ ಕೊರತೆ ನಿಜ. ಸಾಲಿನವರ ಅಲಿಖಿತ ಹಕ್ಕೂ ಹೊಸಬರನ್ನು, ಅಂಚಿನವರನ್ನು ಅಂಚಿನಲ್ಲೇ ಇಡುತ್ತದೆ. ಆದರೆ ಒಂದು ಕೆಟ್ಟ ಪದ್ಧತಿಗೆ ಇನ್ನೊಂದರ ದೋಷ ಸಮರ್ಥನೆಯಾಗದು.

ಆಗಬೇಕಾದ್ದು ಹೊಸದೇನಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳಿರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು ಎಂದು ಕಾಯ್ದೆಯೇ ಹೇಳಿದೆ. ಸಂತೆಯ ವಸೂಲಿಯನ್ನು ಆ ಸಮಿತಿಯ ಕಣ್ಣೆದುರಿಗೆ ತರಬೇಕು. ದರ ಹಲಗೆಯ ಮೇಲಿರಬೇಕು, ರಸೀದಿ ಕೇಳದೆಯೇ ಸಿಗಬೇಕು, ವಸೂಲಿ ಮಧ್ಯಾಹ್ನದ ನಂತರವೇ ಆಗಬೇಕು, ಮಳೆ ಬಿದ್ದ ಸಂತೆಗೆ ಬಾಡಿಗೆ ಇರಬಾರದು. ವಾರಕ್ಕೊಮ್ಮೆ ಕೂರುವವರಿಗೆ ಎರಡನೆಯ ಮುಚ್ಚಳಿಕೆಯಿಂದ ವಿನಾಯಿತಿ ಸಿಗಬೇಕು. ಹಳ್ಳಿಯ ಸಂತೆಗೆ ಗ್ರಾಮ ಪಂಚಾಯ್ತಿಗಳೂ ವಸೂಲಿಯ ಈ ಕ್ರಮವನ್ನೇ ಪಾಲಿಸಬಹುದು, ಅದಕ್ಕೆ ದಿಲ್ಲಿಯ ತಿದ್ದುಪಡಿ ಬೇಕಿಲ್ಲ. ಇಷ್ಟು ಮಾಡಿದರೆ ಖಜಾನೆಗೆ ಬರುವ ಮೊತ್ತ ಕಡಿಮೆಯಾಗಬಹುದು. ಆಗಲಿ. ಬೋಣಿಯಾಗದವಳಿಂದ ಕಿತ್ತ ರೊಕ್ಕವನ್ನು ಆದಾಯ ಎಂದು ಬರೆದುಕೊಳ್ಳುವ ಹಕ್ಕು ಯಾವ ನಗರಸಭೆಗೂ ಇಲ್ಲ.