ಕೆಟ್ಟಿರುವುದು ಕಡತವೋ, ಓದುವ ಕ್ರಮವೋ?

ಅಂತರಜಾಲದಲ್ಲಿ ಕೊಂಡಿಯಿಂದ ಕೊಂಡಿಗೆ ಸಾಗಿ ಪುಟಗಳನ್ನು ಶೇಖರಿಸುವ ತಂತ್ರಾಂಶವೇ ವೆಬ್ ಕ್ರಾಲರ್. ಅದು ತಂದ ಕಡತದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಂಡರೆ ‘ಕಡತ ಕೆಟ್ಟಿದೆ, ಅಳಿಸಿ ಮತ್ತೆ ತನ್ನಿ’ ಎನ್ನುವುದು ಸಾಮಾನ್ಯ ಸಲಹೆ. ಕನ್ನಡದ ಮಟ್ಟಿಗೆ ಇದು ಅಪಾಯಕಾರಿ. ಮೂಲ ತಾಣವೇ ಮುಚ್ಚಿಹೋಗಿದ್ದರೆ ಮತ್ತೆ ತರುವುದು ಎಲ್ಲಿಂದ?

ಯೂನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ‘ಕ’ ಎಂದರೆ 224, 178, 149. ‘ಭಟ್ಕಳ’ದಲ್ಲಿ ಹಲಂತ ಚಿಹ್ನೆಯೂ ಸೇರಿ ಐದು ಸಂಕೇತ, ಅಂದರೆ 15 ಬೈಟ್, ‘ಕುಮಟಾ’ಕ್ಕೂ ಅಷ್ಟೇ, ‘ಹೊನ್ನಾವರ’ಕ್ಕೆ 24. ಕಡತವನ್ನು ತುಂಡುಗಳಾಗಿ ಓದುವಾಗ ‘ಭಟ್ಕಳ’ದ 14ನೆಯ ಬೈಟಿಗೆ ತುಂಡು ಮುಗಿದರೆ ‘ಳ’ ಅಪೂರ್ಣವಾಗುತ್ತದೆ. ಎಚ್ಚರವಿಲ್ಲದ ಪ್ರೋಗ್ರಾಂ ಅಲ್ಲಿ 239, 191, 189 ಎಂಬ ‘ಬದಲಿ ಚಿಹ್ನೆ’ ಬರೆದು ಉಳಿಸಿಬಿಡುತ್ತದೆ. ಹೋದ ಬೈಟ್ ಆ ಕಡತಕ್ಕೆ ಮರಳಿ ಬರುವುದಿಲ್ಲ.

ಹಳೆಯ ಫಾಂಟ್‌ಗಳ ಪುಟಗಳದು ಬೇರೆಯೇ ಕಥೆ. ‘ನುಡಿ’ಯ ಹಿಂದಿನ ಸಂಕೇತದಲ್ಲಿ ‘ಕ’ ಎಂದರೆ 80, 192. ಹೆಚ್ಚಿನ ಅಕಾರಾಂತ ವ್ಯಂಜನಗಳ ಕೊನೆಗೆ ಈ 192 ಬರುತ್ತದೆ. ಸರಿಯಾದ ಯುಟಿಎಫ್-8ರಲ್ಲಾದರೋ 192 ಎಂಬ ಬೈಟಿಗೆ ಸ್ಥಾನವೇ ಇಲ್ಲ! ಆದ್ದರಿಂದ ಮೊದಲ ಪದದಲ್ಲೇ ಪ್ರೋಗ್ರಾಂ ‘ದೋಷ’ ಎನ್ನುತ್ತದೆ. ಕಡತ ಆರೋಗ್ಯವಾಗಿಯೇ ಇದೆ. ಅದಕ್ಕೆ ಬೇಕಾದದ್ದು ಪರಿವರ್ತಕ. ದೋಷವೆಂದು 192ರ ಜಾಗದಲ್ಲೆಲ್ಲ ಬದಲಿ ಚಿಹ್ನೆ ಹಾಕಿದರೆ ಮಾತ್ರ ಅದು ನಿಜವಾಗಿ ಕೆಡುತ್ತದೆ. ಕಳೆದ ದಶಕಗಳಲ್ಲಿ ಉತ್ತರ ಕನ್ನಡ ಕರಾವಳಿಯ ಮಳೆ, ಮೀನುಗಾರಿಕೆ, ಅಘನಾಶಿನಿ, ಶರಾವತಿಗಳ ಬಗ್ಗೆ ಈ ಸಂಕೇತದಲ್ಲಿ ಬರೆದದ್ದೇನಿದ್ದರೂ, ಇಂದು ಯೂನಿಕೋಡ್‌ನಲ್ಲಿ ‘ಕುಮಟಾ’ ಎಂದು ಹುಡುಕುವವರಿಗೆ ಸಿಗದು. ‘ಕನ್ನಡ ಅಕ್ಷರ ಸಾಲದು’ ಎಂದು ಪುಟ ಎಸೆಯುವ ಶೋಧಕಗಳು ಅದನ್ನು ಉಳಿಸುವುದೂ ಇಲ್ಲ.

2022ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಜಾಲದಿಂದ ಕೂಡಿಸಿದ ಐದು ಬಹುಭಾಷಾ ಸಂಗ್ರಹಗಳ 205 ಭಾಷಾ ಭಾಗಗಳನ್ನು ಪರೀಕ್ಷಿಸಿತು. ಕನಿಷ್ಠ 15ರಲ್ಲಿ ಬಳಸಬಹುದಾದ ಪಠ್ಯವೇ ಇರಲಿಲ್ಲ. ಶ್ಲಾಘನೀಯ ಕೆಲಸವೇ. ಆದರೆ ಅದು ನೋಡಿದ್ದು ಬಲೆಯಲ್ಲಿ ಉಳಿದ ಮೀನನ್ನು. ಹೊರಗೆಸೆದದ್ದರ ಲೆಕ್ಕ ಅದರಲ್ಲಿಲ್ಲ. ನಮ್ಮಂಥ ಭಾಷೆಗಳಿಗೆ ಆ ಲೆಕ್ಕವೂ ಅಷ್ಟೇ ಮುಖ್ಯ.

ಪತ್ತೆಯ ಸಾಧನಗಳಿಗೇನೂ ಕೊರತೆಯಿಲ್ಲ. 2009ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ‘ವಾರ್ಕ್’ ಕಡತದಲ್ಲಿ ಪುಟವನ್ನು ಬಂದ ಬೈಟ್‌ಗಳಲ್ಲೇ ಇಡಬಹುದು. ಪ್ರತಿ ದಾಖಲೆಯನ್ನು ಪ್ರತ್ಯೇಕವಾಗಿ ‘ಜಿಜಿಪ್’ನಿಂದ ಸಂಕುಚಿಸಿದರೆ ಒಂದು ಕೆಟ್ಟರೂ ಮುಂದಿನದನ್ನು ಓದಬಹುದು, ಕೊನೆಯಲ್ಲಿ 32 ಬಿಟ್‌ಗಳ ತಾಳೆ ಸಂಖ್ಯೆಯೂ ಇರುತ್ತದೆ. ಅದು ತಾಳೆಯಾದರೆ ಬರೆದಿಟ್ಟ ಮೇಲೆ ಬೈಟ್‌ಗಳು ಬದಲಾಗಿಲ್ಲ ಎನ್ನಬಹುದು. ಆಗ ಅಳಿಸುವ ಕೀಲಿಗೆ ಕೈಹಾಕುವ ಮುನ್ನ 192 ಎಷ್ಟು ಸಲ ಬಂದಿದೆಯೆಂದು ಎಣಿಸಿ ನೋಡಲಿ.